ಬಾಗಿಲಿಗೆ ಬಂದ ಗಿರಾಕಿ

ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ನಮ್ಮವರು ನಡೆಯಿಸುತ್ತಿರುವ ಹೋಟೆಲು, ಲಾಜಿಂಗು, ಮದುವೆಯ ಹಾಲು, ಅಡುಗೆಯ ಕಂಟ್ರಾಕ್ಟು ಮೊದಲಾದ ವ್ಯಾಪಾರಗಳಲ್ಲಿ ಜಾಲತಾಣವಿಲ್ಲದ ಸಂಸ್ಥೆಯನ್ನು ಹುಡುಕುವುದು ಈಚೆಗೆ ಕಷ್ಟವಾಗುತ್ತಿದೆ. ಇದು ಸಂತೋಷದ ಸಂಗತಿಯೇ. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಈ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ಟಿನ ಬಾಗಿಲನ್ನು ತೆರೆದಾಗ, ಅದು ಇಡ್ಲಿ ಸಾಂಬಾರು ಮಾರುವವರ ಉಪಯೋಗಕ್ಕೂ ಬಂದೀತೆಂದು ಎಣಿಸಿದವರು ವಿರಳ. ಆದರೆ ನಮಗೆ ಪರಿಚಿತರಾದ ಮಾಲಿಕರನ್ನು, "ಸ್ವಾಮಿ, ಆ ಜಾಲತಾಣದಿಂದ ತಮಗೆ ಎಷ್ಟು ಆರ್ಡರು ಬಂದಿತು?" ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ನೋಡುವವರು ಸಾವಿರಾರು ಮಂದಿ ಇದ್ದಾರಂತೆ, ಬರುವವರು ಯಾರೂ ಇಲ್ಲ." ಅದರ ಬೆನ್ನಿಗೇ, "ಜಾಹೀರಾತಿಗೆ ಇನ್ನಷ್ಟು ಹಣ ಹಾಕಬೇಕೆಂದು ಹುಡುಗರು ಹೇಳುತ್ತಾರೆ" ಎಂಬ ಮಾತೂ ಬರುತ್ತದೆ.

ಜಾಹೀರಾತಿಗೆ ಇನ್ನಷ್ಟು ಹಣ ಹಾಕುವ ಈ ಸಲಹೆಯು ಬಹುಮಟ್ಟಿಗೆ ತಪ್ಪು ಸಲಹೆಯೆಂದು ನಮ್ಮ ಅಭಿಪ್ರಾಯ. ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆಯುವುದು ಒಂದು ಕೆಲಸ. ಬಾಗಿಲಿಗೆ ಬಂದವನನ್ನು ಕುಳ್ಳಿರಿಸುವುದು ಇನ್ನೊಂದು. ನಮ್ಮವರು ಮೊದಲನೆಯದಕ್ಕೆ ದುಡ್ಡು ಸುರಿಯುತ್ತಿದ್ದಾರೆ. ಎರಡನೆಯದಕ್ಕೆ ಒಬ್ಬ ಮನುಷ್ಯನನ್ನೂ ನೇಮಿಸಿಲ್ಲ.

ಜಾಲತಾಣಕ್ಕೆ ಬಂದು ಹೋಗುವವರೆಲ್ಲರೂ ಗಿರಾಕಿಗಳಲ್ಲ. ಅವರ ಪೈಕಿ ತನ್ನ ಹೆಸರನ್ನೋ ಫೋನು ನಂಬರನ್ನೋ ಕೊಟ್ಟು, ತನಗೆ ಇಂಥದು ಬೇಕೆಂದು ತಿಳಿಸಿದವನನ್ನು ಈಗಿನ ವ್ಯಾಪಾರಿಗಳು 'ಲೀಡು' ಎನ್ನುತ್ತಾರೆ. ಹೋಟೆಲಿನವರ ಮಾತಿನಲ್ಲಿ ಹೇಳುವುದಾದರೆ, ಹೊಸ್ತಿಲಲ್ಲಿ ಒಂದು ಕಾಲಿಟ್ಟು "ಊಟ ಇದೆಯೇ, ಎಷ್ಟು?" ಎಂದು ಕೇಳಿದ ಮನುಷ್ಯನೇ ಲೀಡು. ಅವನಿನ್ನೂ ಎಲೆಯ ಮುಂದೆ ಕುಳಿತಿಲ್ಲ. ಆದರೆ ಬೀದಿಯವನೂ ಆಗಿ ಉಳಿದಿಲ್ಲ. ಆ ಕ್ಷಣದಲ್ಲಿ ಅವನಿಗೆ ಉತ್ತರ ಸಿಕ್ಕದಿದ್ದರೆ ಅವನು ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಇದನ್ನು ತಿಳಿಯಲು ಬಿ.ಕಾಂ. ಓದಿರಬೇಕಾಗಿಲ್ಲ. ಎಸ್.ಎಸ್.ಎಲ್.ಸಿ.ಗೇ ವಿದ್ಯೆ ಮುಗಿಸಿ ಗಲ್ಲಾದ ಹಿಂದೆ ಕುಳಿತ ನಮ್ಮಂಥವರಿಗೂ ಇದು ಮೊದಲ ವಾರದಲ್ಲಿಯೇ ಅರ್ಥವಾಗಿತ್ತು.

ಒಂದು ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡೋಣ. ಒಬ್ಬ ಅಡುಗೆಯ ಕಂಟ್ರಾಕ್ಟರರು ತಿಂಗಳಿಗೆ ೨೦,೦೦೦ ರೂಪಾಯಿ ಜಾಹೀರಾತಿಗೆ ಹಾಕಿ ೨,೦೦೦ ಮಂದಿಯನ್ನು ತಮ್ಮ ಜಾಲತಾಣಕ್ಕೆ ತರಿಸಿದರೆಂದು ಇಟ್ಟುಕೊಳ್ಳಿ. ಅವರಲ್ಲಿ ೨೦ ಮಂದಿ ವಿಚಾರಿಸಿದರು. ೪ ಆರ್ಡರು ಸಿಕ್ಕಿತು. ಒಂದೊಂದು ಆರ್ಡರಿಗೆ ೫,೦೦೦ ರೂಪಾಯಿ ಬಿದ್ದಂತಾಯಿತು. ಜಾಹೀರಾತಿನ ಹಣವನ್ನು ಇಮ್ಮಡಿ ಮಾಡಿದರೆ ೮ ಆರ್ಡರು ಬಂದೀತು. ಆದರೆ ಒಂದೊಂದಕ್ಕೆ ಬಿದ್ದ ಖರ್ಚು ಅದೇ ೫,೦೦೦. ಅದರ ಬದಲು ಬಂದ ೨,೦೦೦ ಮಂದಿಯಲ್ಲಿಯೇ ೨೦ರ ಸ್ಥಾನದಲ್ಲಿ ೪೦ ಮಂದಿ ವಿಚಾರಿಸುವಂತೆ ಮಾಡಿದರೆ, ಹೊಸದಾಗಿ ಒಂದು ಕಾಸನ್ನೂ ಜಾಹೀರಾತಿಗೆ ಹಾಕದೆ ೮ ಆರ್ಡರು; ಖರ್ಚು ತಲಾ ೨,೫೦೦. ಅಕ್ಕಿ ಬೇಳೆಯ ಚೀಟಿಯಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದರೆ ಕಿರಾಣಿಯವನನ್ನು ಕರೆಯಿಸುವ ನಮ್ಮ ಮಾಲಿಕರು ಈ ಲೆಕ್ಕವನ್ನು ಮಾತ್ರ ಯಾಕೆ ಹಾಕುವುದಿಲ್ಲವೋ ನಮಗೆ ತಿಳಿಯದು.

ಬಂದವರು ಯಾಕೆ ವಿಚಾರಿಸದೆ ಹೋಗುತ್ತಾರೆ? ನೂರು ಎಲೆಯ ನಾಮಕರಣದ ಊಟಕ್ಕೆ ಅಡುಗೆಯವರನ್ನು ಹುಡುಕುವ ಗೃಹಸ್ಥನು ಮೇಜಿನ ಮುಂದೆ ಸಾವಕಾಶವಾಗಿ ಕುಳಿತು ಹುಡುಕುವುದಿಲ್ಲ. ಅವನು ಡೊಂಬಿವಲಿಯಿಂದ ಹೊರಟ ಫಾಸ್ಟ್ ಲೋಕಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆಯನ್ನೂ ಇನ್ನೊಂದು ಕೈಯಲ್ಲಿ ಮೊಬೈಲನ್ನೂ ಹಿಡಿದು ನಿಂತಿರುತ್ತಾನೆ. ಮುಂದಿನ ನಿಲ್ದಾಣ ಬರುವುದರೊಳಗೆ ಅವನಿಗೆ ಕಾಣಬೇಕಾದದ್ದು ಕಾಣಬೇಕು. ನಮ್ಮವರ ಜಾಲತಾಣಗಳಲ್ಲಿ ಮೊದಲು ತೆರೆದುಕೊಳ್ಳುವುದು ಹಾರ ಹಾಕಿಸಿಕೊಂಡ ಮಾಲಿಕರ ಭಾವಚಿತ್ರ. ಬಳಿಕ ಯಾವುದೋ ಪರದೇಶದ ತಟ್ಟೆಯ ಚಿತ್ರ. ಬಳಿಕ ಸಂಸ್ಥೆಯ ಧ್ಯೇಯೋದ್ದೇಶ. ಈ ಭಾರದ ಚಿತ್ರಗಳೆಲ್ಲ ಬರುವಷ್ಟರಲ್ಲಿ ಓದುಗನು ಹೊರಟುಹೋಗಿರುತ್ತಾನೆ. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವ ಪುಟವನ್ನು ಮೊಬೈಲಿನಲ್ಲಿ ನೋಡಬಂದವರ ಪೈಕಿ ಶೇಕಡಾ ೫೩ರಷ್ಟು ಭೇಟಿಗಳು ಅಲ್ಲಿಗೇ ಮುರಿದುಬೀಳುತ್ತವೆಂದು ಗೂಗಲ್ ಸಂಸ್ಥೆಯು ೨೦೧೬ರಲ್ಲಿ ಪ್ರಕಟಿಸಿತ್ತು. ಲೋಕಲಿನಲ್ಲಿ ನಿಂತವನಿಗೆ ಮೂರು ಸೆಕೆಂಡೂ ಹೆಚ್ಚೇ.

ಇದಕ್ಕಿಂತಲೂ ದೊಡ್ಡ ದೋಷವೆಂದರೆ ದರವನ್ನು ಬಚ್ಚಿಡುವುದು. ನಮ್ಮ ಹಿರಿಯರು ಗಲ್ಲಾದ ಮೇಲ್ಗಡೆ ಕಪ್ಪು ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ದರಪಟ್ಟಿಯನ್ನು ಬರೆದು ತೂಗುಹಾಕುತ್ತಿದ್ದರು. ಕಿಸೆಯಲ್ಲಿರುವ ದುಡ್ಡಿಗೆ ಏನು ಸಿಕ್ಕೀತೆಂದು ಗಿರಾಕಿಯು ಬಾಗಿಲಲ್ಲಿಯೇ ತಿಳಿದುಕೊಂಡು ಧೈರ್ಯವಾಗಿ ಒಳಗೆ ಬರುತ್ತಿದ್ದನು. ಅವರ ಮಕ್ಕಳು ಮೊಮ್ಮಕ್ಕಳು ಜಾಲತಾಣದಲ್ಲಿ "ದರಕ್ಕಾಗಿ ಸಂಪರ್ಕಿಸಿರಿ" ಎಂದು ಬರೆಯಿಸುತ್ತಾರೆ. ಕೇಳಿದರೆ, ದರ ಪ್ರಕಟಿಸಿದರೆ ಪ್ರತಿಸ್ಪರ್ಧಿಗಳಿಗೆ ತಿಳಿದುಹೋಗುತ್ತದೆ ಎನ್ನುತ್ತಾರೆ. ಅಯ್ಯಾ, ಚೆಂಬೂರಿನ ಕಂಟ್ರಾಕ್ಟರರ ದರವು ಮುಲುಂಡಿನ ಕಂಟ್ರಾಕ್ಟರರಿಗೆ ಈಗಲೇ ತಿಳಿದಿದೆ. ಇಬ್ಬರಿಗೂ ಬಾಳೆಲೆ ತಂದುಕೊಡುವವನು ಒಬ್ಬನೇ. ತಿಳಿಯದೆ ಇರುವುದು ಗಿರಾಕಿಗೆ ಮಾತ್ರ. ಒಂದೊಂದು ಸಮಾರಂಭಕ್ಕೆ ದರ ಬೇರೆಬೇರೆ ಎಂಬುದು ನಿಜ. ಆದುದರಿಂದ ಖಚಿತ ದರ ಹೇಳಲಾಗದು. ಆದರೆ "ನೂರು ಎಲೆಗೆ, ಎರಡು ಪಲ್ಯ ಒಂದು ಪಾಯಸದ ಸಾದಾ ಊಟಕ್ಕೆ ಎಲೆಯೊಂದಕ್ಕೆ ಇಷ್ಟರಿಂದ ಆರಂಭ" ಎಂದು ಹೇಳಲು ಏನು ಅಡ್ಡಿ? ಅದನ್ನು ಓದಿ ದೂರ ಸರಿಯುವವನು ಫೋನಿನಲ್ಲಿ ಕೇಳಿಯೂ ದೂರ ಸರಿಯುವವನೇ. ಓದಿದ ಮೇಲೂ ಬರೆದವನು ಮಾತ್ರ ಅರ್ಧ ಒಪ್ಪಿಯೇ ಬಂದಿರುತ್ತಾನೆ.

ಇನ್ನು ಆ ಫಾರಮುಗಳ ಮಾತು. ಕೆಲವು ಜಾಲತಾಣಗಳಲ್ಲಿ ಗಿರಾಕಿಯು ತುಂಬಬೇಕಾದ ಫಾರಮನ್ನು ನೋಡಿದರೆ ರೇಶನು ಕಾರ್ಡಿಗೆ ಅರ್ಜಿ ಹಾಕುತ್ತಿರುವಂತೆ ಭ್ರಮೆಯಾಗುತ್ತದೆ. ಹೆಸರು, ಕುಲನಾಮ, ವಿಳಾಸದ ಮೂರು ಸಾಲು, ಪಿನ್ ಕೋಡು, ಉದ್ಯೋಗ, ಕಂಪೆನಿಯ ಹೆಸರು, ನಮ್ಮನ್ನು ಎಲ್ಲಿಂದ ತಿಳಿದಿರಿ ಇತ್ಯಾದಿ. ಎಕ್ಸ್‌ಪೀಡಿಯ ಎಂಬ ಅಮೆರಿಕದ ಪ್ರವಾಸ ಸಂಸ್ಥೆಯ ಸಂಗತಿ ಇಲ್ಲಿ ನೆನೆಯತಕ್ಕದ್ದು. ಅವರ ಹಣ ಪಾವತಿಯ ಪುಟದಲ್ಲಿ 'ಕಂಪೆನಿ' ಎಂಬ ಒಂದು ಖಾಲಿ ಜಾಗವಿತ್ತು, ತುಂಬಲೇಬೇಕೆಂದೂ ಇರಲಿಲ್ಲ. ಅದನ್ನು ಕಂಡ ಜನರು ತಮ್ಮ ಬ್ಯಾಂಕಿನ ಹೆಸರನ್ನು ಕೇಳುತ್ತಿದ್ದಾರೆಂದು ಭಾವಿಸಿ ಬ್ಯಾಂಕಿನ ಹೆಸರನ್ನು ಬರೆದು, ಮುಂದೆ ವಿಳಾಸದ ಜಾಗದಲ್ಲಿಯೂ ಬ್ಯಾಂಕಿನ ವಿಳಾಸವನ್ನೇ ಬರೆದರು. ಕಾರ್ಡಿನವರ ವಿಳಾಸಕ್ಕೆ ತಾಳೆಯಾಗದೆ ವ್ಯವಹಾರ ತಪ್ಪಿಹೋಗುತ್ತಿತ್ತು. ಆ ಒಂದು ಜಾಗವನ್ನು ತೆಗೆದುಹಾಕಿದ್ದರಿಂದ ವರ್ಷಕ್ಕೆ ೧ ಕೋಟಿ ೨೦ ಲಕ್ಷ ಡಾಲರು ಅಧಿಕ ಲಾಭವಾಯಿತೆಂದು ಸಂಸ್ಥೆಯ ಅಧಿಕಾರಿಯೇ ೨೦೧೦ರಲ್ಲಿ ತಿಳಿಸಿದರು. ಬೇಡದ ಒಂದು ಪ್ರಶ್ನೆಯ ಬೆಲೆ ಅಷ್ಟು! ಅಡುಗೆಯವರಿಗೆ ಬೇಕಾದದ್ದು ನಾಲ್ಕೇ ಸಂಗತಿ: ಯಾವ ದಿನ, ಯಾವ ಜಾಗ, ಎಷ್ಟು ಎಲೆ, ಯಾವ ನಂಬರಿಗೆ ಉತ್ತರಿಸಬೇಕು. ಉಳಿದದ್ದನ್ನು ಮಾತನಾಡುವಾಗ ಕೇಳಬಹುದು. ಆಗ ಕೇಳಿದರೆ ಅದು ಆದರ, ಮೊದಲೇ ಕೇಳಿದರೆ ಅದು ತನಿಖೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ದರವನ್ನೂ ನೋಡಿ, ಫಾರಮನ್ನೂ ತುಂಬಿ ಒಬ್ಬನು ವಿಚಾರಿಸಿದನೆಂದುಕೊಳ್ಳಿ. ಅವನಿಗೆ ಉತ್ತರ ಯಾವಾಗ ಹೋಗುತ್ತದೆ?

ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ೨೦೧೧ರ ಮಾರ್ಚ್ ಸಂಚಿಕೆಯಲ್ಲಿ ಜೇಮ್ಸ್ ಓಲ್ಡ್‌ರಾಯ್ಡ್ ಮೊದಲಾದ ಮೂವರು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದರು. ಅಮೆರಿಕದ ೨,೨೪೧ ಕಂಪೆನಿಗಳ ಜಾಲತಾಣಗಳಿಗೆ ಗಿರಾಕಿಗಳಂತೆ ಬರೆದು, ಉತ್ತರ ಎಷ್ಟು ಹೊತ್ತಿಗೆ ಬರುವುದೆಂದು ಅಳೆಯಲಾಯಿತು. ಒಂದು ಗಂಟೆಯೊಳಗೆ ಉತ್ತರಿಸಿದವರು ಶೇಕಡಾ ೩೭. ಒಂದು ದಿನಕ್ಕಿಂತ ಹೆಚ್ಚು ತೆಗೆದುಕೊಂಡವರು ಶೇಕಡಾ ೨೪. ಸರ್ವಥಾ ಉತ್ತರಿಸದವರು ಶೇಕಡಾ ೨೩. ಮೂವತ್ತು ದಿನಗಳೊಳಗೆ ಉತ್ತರಿಸಿದವರ ಸರಾಸರಿ ವೇಳೆ ೪೨ ಗಂಟೆ. ಇದರಿಂದಾಗುವ ಹಾನಿಯನ್ನೂ ಅವರು ಲೆಕ್ಕ ಹಾಕಿದ್ದಾರೆ. ಒಂದು ಗಂಟೆಯೊಳಗೆ ಗಿರಾಕಿಯನ್ನು ಮಾತನಾಡಿಸಲು ಪ್ರಯತ್ನಿಸಿದ ಸಂಸ್ಥೆಗೆ, ನಿರ್ಣಯಿಸತಕ್ಕ ವ್ಯಕ್ತಿಯೊಡನೆ ಸಾರ್ಥಕವಾದ ಮಾತುಕತೆ ನಡೆಯುವ ಸಂಭವವು, ಇನ್ನೊಂದು ಗಂಟೆ ತಡಮಾಡಿದವರಿಗಿಂತ ಸುಮಾರು ೭ ಪಟ್ಟು ಹೆಚ್ಚು. ಒಂದು ದಿನ ಅಥವಾ ಅದಕ್ಕೂ ಹೆಚ್ಚು ತಡಮಾಡಿದವರಿಗಿಂತ ೬೦ ಪಟ್ಟಿಗೂ ಮಿಗಿಲು.

ಅಮೆರಿಕದ ಮಾತು ನಮಗೇಕೆ ಎನ್ನುವವರೂ ಇದ್ದಾರೆ. ನಾವು ಹೋಟೆಲು ನಡೆಯಿಸುತ್ತಿದ್ದ ಕಾಲದಲ್ಲಿ ಒಮ್ಮೆ ಹಿಟ್ಟು ರುಬ್ಬುವ ದೊಡ್ಡ ಯಂತ್ರವೊಂದು ಬೇಕಾಗಿ ಕೊಯಿಮತ್ತೂರಿನ ಮೂರು ಕಾರ್ಖಾನೆಗಳಿಗೆ ಅವರವರ ಜಾಲತಾಣಗಳ ಮೂಲಕವೇ ಬರೆದಿದ್ದೆವು. ಒಬ್ಬರಿಂದ ಇಪ್ಪತ್ತು ನಿಮಿಷದಲ್ಲಿ ಫೋನು ಬಂದಿತು. ಮಾತನಾಡಿದಾತನು ನಮ್ಮಲ್ಲಿ ದಿನಕ್ಕೆ ಎಷ್ಟು ಸೇರು ಅಕ್ಕಿ ನೆನೆಯುತ್ತದೆಂದು ಕೇಳಿ, ನಾವು ಹೇಳಿದ ಯಂತ್ರಕ್ಕಿಂತ ಸಣ್ಣದೇ ಸಾಕೆಂದು ತಿಳಿಸಿದನು. ಇನ್ನೊಬ್ಬರ ಉತ್ತರ ಒಂಬತ್ತನೆಯ ದಿನ ಬಂದಿತು. ಮೂರನೆಯವರದು ಈ ತನಕ ಬಂದಿಲ್ಲ. ನಾವು ಯಾರಿಂದ ಕೊಂಡೆವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಅವರ ದರ ಒಂಬತ್ತನೆಯ ದಿನದವರಿಗಿಂತ ಸ್ವಲ್ಪ ಹೆಚ್ಚಾಗಿಯೇ ಇತ್ತು.

ಹೋಟೆಲಿನಲ್ಲಿ ಗಿರಾಕಿಯು ಕುಳಿತೊಡನೆಯೇ ಹುಡುಗನು ನೀರಿನ ಲೋಟ ತಂದಿಡುತ್ತಾನಲ್ಲ, ಅದು ಬಾಯಾರಿಕೆಗಾಗಿ ಮಾತ್ರವಲ್ಲ. "ನೀವು ಬಂದದ್ದು ನಮಗೆ ಗೊತ್ತಾಗಿದೆ" ಎಂದು ಹೇಳುವ ರೀತಿ ಅದು. ಲೋಟ ಬಂದ ಮೇಲೆ ಗಿರಾಕಿಯು ಹತ್ತು ನಿಮಿಷ ಕಾಯಲು ಸಿದ್ಧನಾಗುತ್ತಾನೆ. ಲೋಟವೇ ಬಾರದಿದ್ದರೆ ಎದ್ದುಹೋಗುತ್ತಾನೆ. ಜಾಲತಾಣದಲ್ಲಿ ವಿಚಾರಿಸಿದವನಿಗೂ ಮೊದಲು ನೀರಿನ ಲೋಟ ಹೋಗಬೇಕು. ಇದಕ್ಕೆ ದೊಡ್ಡ ಯಂತ್ರಸಾಮಗ್ರಿ ಬೇಕಿಲ್ಲ. ೨೦೧೮ರ ಜನವರಿಯಲ್ಲಿ ಸಣ್ಣ ವ್ಯಾಪಾರಸ್ಥರಿಗಾಗಿ ಹೊರಬಂದ ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಉಚಿತ ಸಾಧನದಲ್ಲಿಯೇ, ಬರೆದವರಿಗೆ ತಾನಾಗಿ ವಂದನೆ ಹೇಳುವ, ಅಂಗಡಿ ಮುಚ್ಚಿದ ಹೊತ್ತಿನಲ್ಲಿ "ಬೆಳಿಗ್ಗೆ ಇಷ್ಟು ಗಂಟೆಗೆ ಉತ್ತರಿಸುತ್ತೇವೆ" ಎಂದು ತಿಳಿಸುವ ವ್ಯವಸ್ಥೆಯಿದೆ. ಆದರೆ ನೀರಿನ ಲೋಟವನ್ನಿಟ್ಟು ಊಟವನ್ನು ತಾರದೆ ಇರುವುದು ಇನ್ನೂ ದೊಡ್ಡ ಅಪರಾಧ. ಬೆಳಿಗ್ಗೆ ಎಂಟು ಗಂಟೆಗೆಂದು ಹೇಳಿದ ಮೇಲೆ ಎಂಟು ಗಂಟೆಗೆ ಮನುಷ್ಯನೇ ಮಾತನಾಡಬೇಕು.

ಆ ಮನುಷ್ಯ ಯಾರು? ಇಲ್ಲಿಯೇ ನಮ್ಮವರಲ್ಲಿ ತೊಡಕು. ಜಾಲತಾಣದ ಫಾರಮು ಯಾವುದೋ ಈಮೇಲಿಗೆ ಹೋಗುತ್ತದೆ; ಆ ಈಮೇಲು ಅದನ್ನು ಕಟ್ಟಿಕೊಟ್ಟ ಹುಡುಗನ ಬಳಿಯಲ್ಲಿದೆ; ಆ ಹುಡುಗನು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಫೋನು ನಂಬರು ಹಳೆಯ ಮ್ಯಾನೇಜರರದು. ಅವರು ಊರಿಗೆ ಹೋಗಿ ತೋಟ ನೋಡಿಕೊಂಡಿದ್ದಾರೆ. ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಮಾಲಿಕರು ಸ್ವತಃ ಉತ್ತರಿಸಲಾರರು ಎಂಬುದನ್ನು ನಾವು ಬಲ್ಲೆವು; ಬೆಳಿಗ್ಗೆ ನಾಲ್ಕಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ಮೊಬೈಲು ನೋಡುವಂತಿಲ್ಲ. ಆದರೆ ಮನೆಯಲ್ಲಿ ಓದಿದ ಮಗಳಿದ್ದಾಳೆ, ಸೊಸೆಯಿದ್ದಾಳೆ. ಅವರಿಗೆ ವ್ಯಾಪಾರದಲ್ಲಿ ಜಾಗವಿಲ್ಲವೆಂಬ ಹಳೆಯ ನಡೆ ಇನ್ನೂ ಎಷ್ಟೋ ಕುಟುಂಬಗಳಲ್ಲಿ ಹೋಗಿಲ್ಲ. ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕನ್ನೂ ಸರಾಗವಾಗಿ ಮಾತನಾಡುವ, ಇಂಗ್ಲಿಷಿನಲ್ಲಿ ಬರೆಯಬಲ್ಲ ಹೆಣ್ಣುಮಕ್ಕಳು ಮನೆಯಲ್ಲಿರುವಾಗ, ವಿಚಾರಣೆಗಳಿಗೆ ಉತ್ತರಿಸಲು ಯಾರೂ ಇಲ್ಲವೆನ್ನುವುದು ನಮಗೆ ಸರಿಯೆಂದು ತೋರುವುದಿಲ್ಲ. ಅವರಿಗೆ ಈ ಕೆಲಸವನ್ನು ಒಪ್ಪಿಸಲಿ. ಒಪ್ಪಿಸಿದ ಮೇಲೆ ಸಂಬಳವನ್ನೂ ಕೊಡಲಿ.

ಒಪ್ಪಿಸಿಕೊಂಡವರು ಒಂದು ಖಾತೆಪುಸ್ತಕವನ್ನು ಇಡಬೇಕು. ಯಾವ ದಿನ ಯಾರು ವಿಚಾರಿಸಿದರು, ಎಲ್ಲಿಂದ ನಮ್ಮನ್ನು ಕಂಡರು, ಏನು ಉತ್ತರಿಸಲಾಯಿತು, ಕೊನೆಗೆ ಏನಾಯಿತು. ಆರ್ಡರು ಕೊಡದೆ ಹೋದವರನ್ನು ಒಮ್ಮೆ, ಒಂದೇ ಒಂದು ಸಲ, ವಿನಯದಿಂದ ಕಾರಣ ಕೇಳಬೇಕು. ಹತ್ತು ಮಂದಿಯಲ್ಲಿ ಆರು ಮಂದಿ "ಬಡಿಸುವವರು ಕಡಿಮೆ ಎಂದರು" ಎಂದು ಹೇಳಿದರೆ, ದೋಷ ಜಾಲತಾಣದಲ್ಲಿ ಇಲ್ಲವೆಂದು ತಿಳಿಯಿತು.

ಇಷ್ಟೆಲ್ಲ ಯಾಕೆ, ಆಹಾರ ತಲುಪಿಸುವ ದೊಡ್ಡ ಕಂಪೆನಿಗಳಿವೆಯಲ್ಲ, ಅವರೇ ಗಿರಾಕಿಗಳನ್ನು ತರುತ್ತಾರೆ ಎಂದು ಕೆಲವು ಮಾಲಿಕರು ನಿಶ್ಚಿಂತರಾಗಿದ್ದಾರೆ. ಅವರು ತರುತ್ತಾರೆಂಬುದು ನಿಜ. ಆದರೆ ತಂದ ಗಿರಾಕಿಯು ಯಾರವನು? ಭಾರತದ ರಾಷ್ಟ್ರೀಯ ರೆಸ್ಟೊರೆಂಟು ಸಂಘವು ೨೦೨೧ರಲ್ಲಿ ಸ್ಪರ್ಧಾ ಆಯೋಗಕ್ಕೆ ಜೊಮ್ಯಾಟೊ ಮತ್ತು ಸ್ವಿಗ್ಗಿ ಕಂಪೆನಿಗಳ ಮೇಲೆ ಸಲ್ಲಿಸಿದ ದೂರಿನಲ್ಲಿ, ಗಿರಾಕಿಯ ವಿವರಗಳನ್ನು ಹೋಟೆಲಿನವರಿಂದ ಮರೆಮಾಡಲಾಗುತ್ತಿದೆ ಎಂಬುದೂ ಒಂದು ಆಕ್ಷೇಪವಾಗಿತ್ತು. ದೂರಿನ ಕೆಲವು ಅಂಶಗಳ ಮೇಲೆ ೨೦೨೨ರ ಏಪ್ರಿಲಿನಲ್ಲಿ ಆಯೋಗವು ತನಿಖೆಗೆ ಆಜ್ಞೆ ಮಾಡಿತು. ತನಿಖೆಯ ಫಲ ಏನಾದರೂ ಆಗಲಿ, ಆಕ್ಷೇಪದ ಹಿಂದಿರುವ ಸಂಕಟವನ್ನು ನಮ್ಮವರು ಗಮನಿಸಬೇಕು. ಹತ್ತು ವರ್ಷ ಒಂದೇ ಮನೆಗೆ ದೋಸೆ ಕಳುಹಿಸಿದರೂ ಆ ಮನೆಯವರ ಹೆಸರು ನಮಗೆ ತಿಳಿದಿಲ್ಲವಾದರೆ, ನಾಳೆ ಆ ಮನೆಯಲ್ಲಿ ಉಪನಯನವಾದಾಗ ಅಡುಗೆಗೆ ನಮ್ಮನ್ನು ಕರೆಯುವುದಾದರೂ ಹೇಗೆ? ಹಿಂದೆ ಗಲ್ಲಾದಲ್ಲಿ ಕುಳಿತ ಮಾಲಿಕರು ಗಿರಾಕಿಯ ಮಗನ ಪರೀಕ್ಷೆಯ ಫಲಿತಾಂಶವನ್ನು ಕೂಡ ಕೇಳುತ್ತಿದ್ದರು. ಮಾಟುಂಗಾದ ರಾಮ ನಾಯಕರ ಬೋರ್ಡಿಂಗಿನಂತೆ ೧೯೪೨ರಿಂದ ಹೆಸರು ಗಳಿಸಿ, ಜನರು ತಾವಾಗಿ ಬಂದು ಸಾಲು ನಿಲ್ಲುವಂತಾಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಉಳಿದವರಿಗೆ ಗಿರಾಕಿಯ ಪರಿಚಯವೇ ಬಂಡವಾಳ. ಆ ಪರಿಚಯ ಮಧ್ಯಸ್ಥನ ಪುಸ್ತಕದಲ್ಲಿದ್ದರೆ, ಮಧ್ಯಸ್ಥನು ಕಮಿಷನು ಏರಿಸಿದ ದಿನ ನಾವು ಬಾಯಿ ತೆರೆಯುವಂತಿಲ್ಲ. ನೇರವಾಗಿ ನಮ್ಮ ಜಾಲತಾಣಕ್ಕೆ ಬಂದು ವಿಚಾರಿಸಿದ ಒಬ್ಬೊಬ್ಬ ಗಿರಾಕಿಯೂ ಆ ಪುಸ್ತಕದ ಹೊರಗೆ ಉಳಿದವನು. ಅವನನ್ನು ಉತ್ತರವಿಲ್ಲದೆ ಕಳುಹಿಸುವುದೆಂದರೆ ನಾವೇ ಮಧ್ಯಸ್ಥನ ಬಳಿಗೆ ಕೈಹಿಡಿದು ಕರೆದೊಯ್ದಂತೆ.

ಹೀಗೆಂದ ಮಾತ್ರಕ್ಕೆ ಗಿರಾಕಿಯ ನಂಬರನ್ನು ಹೇಗಾದರೂ ಕಿತ್ತುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಪುಟ ತೆರೆದೊಡನೆಯೇ ಮುಖದ ಮೇಲೆ ಪರದೆ ಎಳೆದು "ನಂಬರು ಕೊಟ್ಟರೆ ಮಾತ್ರ ಮೆನು ತೋರಿಸುತ್ತೇವೆ" ಎನ್ನುವವರಿದ್ದಾರೆ. ಬಾಗಿಲಲ್ಲಿ ನಿಂತು ಕಿಸೆಗೆ ಕೈಹಾಕಿದಂತೆ ಇದು. ಸಾವಿರ ನಂಬರುಗಳ ಪಟ್ಟಿಯನ್ನು ಯಾರಿಂದಲೋ ಕೊಂಡು ಎಲ್ಲರಿಗೂ ಹಬ್ಬದ ಶುಭಾಶಯದೊಡನೆ ಊಟದ ದರ ಕಳುಹಿಸುವುದು ಇನ್ನೂ ಕೀಳು. ೧೯೦೯ಕ್ಕೆ ತಿಳಿಸಿ ವ್ಯಾಪಾರಿ ಕರೆಗಳು ಬೇಡವೆಂದು ನೋಂದಾಯಿಸಿಕೊಂಡವರನ್ನು ಹೀಗೆ ಕಾಡುವುದು ದೂರವಾಣಿ ಪ್ರಾಧಿಕಾರದ ೨೦೧೮ರ ನಿಬಂಧನೆಗಳಿಗೆ ವಿರುದ್ಧ. ೨೦೨೩ರ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಆಗಿದೆ. ಯಾವ ಕೆಲಸಕ್ಕೆಂದು ತಿಳಿಸಿ, ಒಪ್ಪಿಗೆ ಪಡೆದು, ಆ ಕೆಲಸಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂದು ಅದರ ಸಾರ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕಟ್ಟುಪಾಡುಗಳಿಗೆ ೧೮ ತಿಂಗಳ ಅವಧಿ ಕೊಡಲಾಯಿತು. ನಾಮಕರಣಕ್ಕೆಂದು ನಂಬರು ಕೊಟ್ಟವರಿಗೆ ಆಮೇಲೆ ದಿನಬೆಳಗಾದರೆ ಮೆನು ಕಳುಹಿಸುವವರು ಈ ಅವಧಿಯಲ್ಲಿ ಅಭ್ಯಾಸ ಬಿಡುವುದು ಒಳ್ಳೆಯದು. ಕಾಯಿದೆ ಇರಲಿ ಬಿಡಲಿ, ಊಟ ಮುಗಿಸಿ ಹೋದ ಅತಿಥಿಯ ಬೆನ್ನುಹತ್ತಿ ಬೀದಿಯಲ್ಲಿ ಕೂಗುವ ಪದ್ಧತಿ ನಮ್ಮ ಹೋಟೆಲುಗಳಲ್ಲಿ ಎಂದೂ ಇರಲಿಲ್ಲ.

ತುಳಸಿ ವಿವಾಹ ಕಳೆಯುತ್ತಲೇ ಮುಹೂರ್ತಗಳು ತೊಡಗುತ್ತವೆ. ಹಾಲು ಮತ್ತು ಅಡುಗೆಯ ವಿಚಾರಣೆಗಳು ಅದಕ್ಕೂ ಬಹಳ ಮೊದಲೇ ಬರಲಾರಂಭಿಸುತ್ತವೆ. ಅಷ್ಟರೊಳಗೆ ನಮ್ಮ ಮಾಲಿಕರು ಒಂದು ರಾತ್ರಿ, ಬೇರೆಯವರ ಮೊಬೈಲಿನಿಂದ, ಬೇರೆ ಹೆಸರಿನಲ್ಲಿ ತಮ್ಮದೇ ಜಾಲತಾಣಕ್ಕೆ ಹೋಗಿ ಇನ್ನೂರು ಎಲೆಯ ಊಟಕ್ಕೆ ದರ ಕೇಳಿ ಬರೆಯಲಿ. ಬರೆದ ಹೊತ್ತನ್ನೂ ಉತ್ತರ ಬಂದ ಹೊತ್ತನ್ನೂ ಗಡಿಯಾರ ನೋಡಿ ಗುರುತು ಹಾಕಿಕೊಳ್ಳಲಿ. ಜಾಹೀರಾತಿನ ಹುಡುಗರು ಮುಂದಿನ ತಿಂಗಳ ಹಣ ಕೇಳಲು ಬಂದಾಗ ಆ ಚೀಟಿ ಮೇಜಿನ ಮೇಲಿರಲಿ.